ಹದಿನೈದನೆಯ ಹಲ್ಲು

ಆದಂ ದಾಟಿದರೆ ಹೈಮಾದವರೆಗೆ
ರಸ್ತೆಗೆ ಹೇಳಿಕೊಳ್ಳುವಂಥ ತಿರುವಿಲ್ಲ.
ಅಳತೆಪಟ್ಟಿ ಇಟ್ಟು ಗೆರೆ ಎಳೆದವರು
ಪಟ್ಟಿ ಎತ್ತುವುದನ್ನೇ ಮರೆತ ಹಾಗೆ.

ಈ ಗೆರೆಯ ಮೇಲೆ ನಾಲ್ಕು ವರ್ಷ
ಮುಂದಿನ ಸ್ಪ್ರಾಕೆಟ್ಟಿನ ಹದಿನಾಲ್ಕು ಹಲ್ಲು ನಂಬಿ ಓಡಿದ್ದೇನೆ.
ನೂರು ಮುಟ್ಟಿದರೆ ಸಾಕು, ಇಂಜಿನ್ನು
ಮಿಕ್ಸಿಗೆ ಒಣಕೊಬ್ಬರಿ ಹಾಕಿದಂತೆ ಒಂದೇ ಸಮ.
ಕ್ಯಾಂಪಿಗೆ ಬಂದು ಕೈಗವಸು ಬಿಚ್ಚಿದರೆ
ಬೆರಳಿಗೆ ಅಂಗಿಯ ಗುಂಡಿ ಸಿಗುವುದಿಲ್ಲ.
ಅರ್ಧ ಗಂಟೆ ಜುಮುಜುಮು;
ಕೈ ಇನ್ನೂ ದಾರಿಯಲ್ಲೇ ಇದೆ.

ಇದ್ದಿನಬ್ಬನ ಶೆಡ್ಡು ಟೈರಿನಂಗಡಿಯ ಹಿಂದೆ.
ಉಪ್ಪಿನಂಗಡಿಯವನು, ಇಪ್ಪತ್ತೆರಡು ವರ್ಷದಿಂದ ಇಲ್ಲಿ.
ನನ್ನ ರಾಯಚೂರು ಕನ್ನಡಕ್ಕೆ ಈಗಲೂ ನಗುತ್ತಾನೆ,
ನಕ್ಕರೆ ಮೇಲಿನ ಸಾಲಿನಲ್ಲಿ ಎರಡು ಜಾಗ ಖಾಲಿ.
"ಹಲ್ಲಿನ ಲೆಕ್ಕ ನನ್ನತ್ರ ಕೇಳುದಾ ಮಾರಾಯ್ರೆ?"

ಗ್ರೀಸು ಮೆತ್ತಿದ ರಟ್ಟಿನ ಮೇಲೆ ಬರೆದು ತೋರಿಸಿದ:
ಹಿಂದೆ ನಲವತ್ತೆರಡು, ಮುಂದೆ ಹದಿನಾಲ್ಕು,
ಚಕ್ರ ಒಂದು ಸುತ್ತಿದರೆ ಮುಂದಿನದು ಮೂರು.
ಹದಿನೈದು ಹಾಕಿದರೆ ಮೂರಕ್ಕೆ ಚೂರು ಕಡಿಮೆ.
ಮುಂದೆ ಒಂದು ಕೂಡುವುದೂ
ಹಿಂದೆ ಮೂರು ಕಳೆಯುವುದೂ ಹೆಚ್ಚುಕಮ್ಮಿ ಒಂದೇ.
"ಮುಂದಿನದ್ದು ನಾಲ್ಕು ರಿಯಾಲು, ಹಿಂದಿನದ್ದು ಹದಿಮೂರು.
ಮತ್ತೆ ಯೋಚನೆ ಎಂತಕ್ಕೆ?"

ಆದರೂ ಸ್ಪ್ಯಾನರು ಎತ್ತುವ ಮೊದಲು ವಿಚಾರಿಸಿದ:
ದಿನಕ್ಕೆಷ್ಟು ಸಲ ನಿಲ್ಲುತ್ತೀರಿ? ಹಿಂದೆ ಭಾರ ಎಷ್ಟು?
ಎದುರುಗಾಳಿ ಯಾವ ತಿಂಗಳು?
ಹದಿನಾರು ಬೇಡವೇ ಅಂದೆ, ಆಸೆಗೆ.
ಬೇಡ, ಐದನೆಯ ಗೇರು ಅಲಂಕಾರಕ್ಕೆ ಉಳಿದೀತು.
ಇನ್ನೂ ಒಂದಿದೆ: ಸರಪಳಿಗೆ ನೂರ ಹನ್ನೆರಡು ಕೊಂಡಿ.
ಹದಿನಾರಾದರೆ ಒಂದೊಂದು ಹಲ್ಲಿಗೆ ಅವೇ ಏಳು,
ಹದಿನಾಲ್ಕಕ್ಕೆ ಅವೇ ಎಂಟು,
ಎಷ್ಟು ಸುತ್ತಿದರೂ ಅವೇ ಮುಖ, ಅಲ್ಲೇ ಸವೆತ.
ಹದಿನೈದಕ್ಕಾದರೆ ಎಲ್ಲ ಕೊಂಡಿಯ ಪರಿಚಯವೂ ಆಗುತ್ತದೆ.

ನಮ್ಮ ಕ್ಯಾಂಪಿನ ಊಟದ ಮನೆ ನೆನಪಾಯಿತು.
ನಾಲ್ಕು ವರ್ಷ ಅದೇ ಬೆಂಚು, ಅದೇ ಎಂಟು ಮಂದಿ.
ಆಚೆ ಬೆಂಚಿನ ನೇಪಾಳಿಯ ಹೆಸರು
ಇವತ್ತಿಗೂ ಗೊತ್ತಿಲ್ಲ.

ಹಳೆಯದನ್ನು ಬಿಚ್ಚಿ ಅಂಗೈಗೆ ಹಾಕಿದ, ಇನ್ನೂ ಬಿಸಿ.
ಹಲ್ಲೆಲ್ಲ ಒಂದೇ ದಿಕ್ಕಿಗೆ ಬಾಗಿ ಚೂಪಾಗಿವೆ,
ಗಾಳಿಯಲ್ಲೇ ಬೆಳೆದ ಗಾಫ್ ಮರಗಳಂತೆ.
ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುತ್ತಾರಲ್ಲ,
ಇದು ಕಡಲೆ ತರಲೆಂದೇ ಸವೆದ ಹಲ್ಲು.

ಮಗಳಿಗೆ ಫೋನು. ಮುಂದಿನದೊಂದು ಬಿತ್ತಂತೆ.
"ನಂದೊಂದು ಜಾಸ್ತಿ ಆಗ್ಯದ" ಅಂದೆ.
"ಸುಳ್ಳು. ಬಾಯಿ ತೆರಿ, ನೋಡ್ತೀನಿ."

ಸಂಜೆ ಹೊರಟೆ. ಪೆಟ್ರೋಲು ಬಂಕಿನಿಂದ ಏಳುವಾಗ ಬೈಕು
ಸಾಲ ಕೇಳಲು ಬಂದವರಂತೆ ಗಳಿಗೆ ತಡವರಿಸಿತು.
ಕ್ಲಚ್ಚು ತುಸು ಹೆಚ್ಚು ಹೊತ್ತು ಹಿಡಿಯಬೇಕು, ಅಷ್ಟೇ.
ಆಮೇಲೆ ನೂರರಲ್ಲಿ
ಇಂಜಿನ್ನು ದನಿ ತಗ್ಗಿಸಿ
ಪಕ್ಕದವರಿಗಷ್ಟೇ ಕೇಳುವಂತೆ ಮಾತಾಡತೊಡಗಿತು.
ಕನ್ನಡಿಯಲ್ಲಿ ಹಿಂದಿನ ಲಾರಿ
ಮೊದಲ ಸಲ ಲಾರಿಯಾಗಿಯೇ ಕಂಡಿತು, ನಡುಗದೆ.
ಹೆಲ್ಮೆಟ್ಟಿನೊಳಗೆ ನಾನು ಗುನುಗುವುದು ನನಗೇ ಕೇಳಿತು.
ಶ್ರುತಿ ಇಲ್ಲ.

ಘಾಬಾ ಕಳೆದ ಮೇಲೆ ಎದುರಾಯಿತು,
ಸಲಾಲಾ ಕಡೆಯಿಂದ ಬರುವ ಜುಲೈ ಗಾಳಿ.
ಡಾಂಬರಿನ ಮೇಲೆ ಮರಳು, ಯಾರೋ ಜರಡಿ ಹಿಡಿದಂತೆ.
ತೊಂಬತ್ತೈದು. ತೊಂಬತ್ತು. ಎಂಬತ್ತೆಂಟು.
ಐದನೆಯದು ಕೈಚೆಲ್ಲಿತು. ನಾಲ್ಕಕ್ಕೆ ಇಳಿಸಿದೆ.
ಹಳೆಯ ಅದೇ ಕೂಗು, ಬೆರಳಲ್ಲಿ ಅದೇ ಜುಮುಜುಮು.
ಹಾಗಾದರೆ ನಾಲ್ಕು ರಿಯಾಲಿಗೆ ನಾನು ಕೊಂಡದ್ದು
ಗಾಳಿಯಿಲ್ಲದ ದಿನಗಳನ್ನು ಮಾತ್ರ.
ಇರಲಿ. ವರ್ಷದಲ್ಲಿ ಅವೂ ಕಡಿಮೆಯೇನಲ್ಲ.

ಹೈಮಾದಲ್ಲಿ ಗುಂಡಿ
ಎರಡನೆಯ ಪ್ರಯತ್ನಕ್ಕೇ ಸಿಕ್ಕಿತು.
ತಟ್ಟೆ ಹಿಡಿದು ಆಚೆ ಬೆಂಚಿಗೆ ಹೋದೆ.
ನೇಪಾಳಿ, ಯಾಕೆ ಎಂಬಂತೆ ನೋಡಿ, ಸರಿದು ಜಾಗ ಬಿಟ್ಟ.
ಏನು ಹೇಳುವುದೆಂದು ತಿಳಿಯದೆ ಜೇಬಿನಿಂದ
ಆ ಹಳೆಯ ಚಕ್ರ ತೆಗೆದು ಮೇಜಿನ ಮೇಲಿಟ್ಟೆ.
ಅವನು ಬೆರಳಿಟ್ಟು ಎಣಿಸತೊಡಗಿದ, ಎಕ್, ದುಯಿ, ತಿನ್,
ಹನ್ನೊಂದರ ಹತ್ತಿರ ಎಲ್ಲಿ ಶುರುವಾಯಿತೆಂದು ಮರೆತು
ಮತ್ತೆ ಮೊದಲಿನಿಂದ.